ಅಲಿವಾಲ್ ಶೋಲ್‌ಗೆ ಶಾರ್ಕ್ ನೋಡಲು ಹೋಗುವವರಿಗೆ

ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಕಡಲಂಚಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಉಮ್ಕೋಮಾಸ್ ಎಂಬ ಪುಟ್ಟ ಊರು ಸಿಗುತ್ತದೆ. ದಾರಿಯಲ್ಲಿ ಕಬ್ಬಿನ ಗದ್ದೆಗಳು. ಮಂಡ್ಯ ಕಡೆಯವರಿಗೆ ಊರು ನೆನಪಾಗದೆ ಇರದು. ಈ ಕಬ್ಬಿನ ಕೂಲಿಗೆಂದೇ 1860ರಲ್ಲಿ ಮದ್ರಾಸಿನಿಂದ ಹೊರಟ ಮೊದಲ ಹಡಗು ಡರ್ಬನ್‌ಗೆ ಬಂದಿತ್ತು. ಅದರಲ್ಲಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತೂ ಇಲ್ಲೇ ಇದ್ದಾರೆ.

ಆ ಊರಿನಿಂದ ಐದು ಕಿಲೋಮೀಟರ್ ಸಮುದ್ರದೊಳಗೆ, ನೀರಿನಡಿಯಲ್ಲಿ, ಒಂದು ಕಲ್ಲಿನ ದಿಬ್ಬವಿದೆ. ಅದೇ ಅಲಿವಾಲ್ ಶೋಲ್. ಒಂದು ಕಾಲದಲ್ಲಿ ಸಮುದ್ರ ಈಗಿಗಿಂತ ಎಷ್ಟೋ ಕೆಳಗಿದ್ದಾಗ ಇದು ದಡದ ಮರಳು ಗುಡ್ಡೆಯಾಗಿತ್ತು. ಮರಳು ಗಟ್ಟಿಯಾಗಿ ಕಲ್ಲಾಯಿತು, ಆಮೇಲೆ ನೀರು ಏರಿ ಮುಚ್ಚಿಕೊಂಡಿತು. 1849ರಲ್ಲಿ ಅಲಿವಾಲ್ ಎಂಬ ಹಡಗಿನಲ್ಲಿ ಹೋಗುತ್ತಿದ್ದ ಕ್ಯಾಪ್ಟನ್ ಜೇಮ್ಸ್ ಆಂಡರ್‌ಸನ್ ಇದನ್ನು ಕಂಡು ಬೇರೆ ಹಡಗಿನವರಿಗೂ ಎಚ್ಚರಿಸಿದರು. ಹಡಗಿನ ಹೆಸರೇ ದಿಬ್ಬಕ್ಕೂ ನಿಂತಿತು. ಪಂಜಾಬಿನಲ್ಲಿ ಸಟ್ಲೆಜ್ ನದಿ ದಡದ ಒಂದು ಹಳ್ಳಿಗೂ ಇದೇ ಹೆಸರು. 1846ರಲ್ಲಿ ಸಿಖ್ಖರಿಗೂ ಬ್ರಿಟಿಷರಿಗೂ ಅಲ್ಲಿ ಯುದ್ಧ ನಡೆದಿತ್ತು.

ಚಳಿಗಾಲ ಬಂತೆಂದರೆ ಈ ದಿಬ್ಬದ ಗುಹೆ, ಕೊರಕಲುಗಳಿಗೆ ರ‍್ಯಾಗ್ಡ್ ಟೂತ್ ಶಾರ್ಕ್‌ಗಳು ಬಂದು ಸೇರುತ್ತವೆ. ಅಲ್ಲಿಯವರು ಪ್ರೀತಿಯಿಂದ ‘ರ‍್ಯಾಗಿ’ ಅನ್ನುತ್ತಾರೆ. ಅವುಗಳನ್ನು ನೋಡಲು ಹೋಗಬೇಕೆಂದಿದ್ದೇನೆ ಎಂದಾಗ ನನ್ನ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: ಕಚ್ಚಲ್ವಾ? ಹೋಗಿ ಬಂದ ಮೇಲೆ ಹೇಳುತ್ತೇನೆ, ಆ ಕಡಲಿನಲ್ಲಿ ನನ್ನನ್ನು ಹೆಚ್ಚು ಪರೀಕ್ಷಿಸಿದ್ದು ದಡದ ಅಲೆ. ಆಮೇಲೆ ನೀರಿನ ಸೆಳೆತ. ಶಾರ್ಕ್‌ನ ಮುಂದೆ ಮಾಡಬೇಕಾದ್ದು ಒಂದೇ ಕೆಲಸ, ಸುಮ್ನೆ ಇರುವುದು. ಅದನ್ನು ಕಲಿಯಲು ಜಾಸ್ತಿ ಸಮಯ ಬೇಕು. ಹಾಗಾಗಿ ತಯಾರಿ ಇಲ್ಲಿಂದಲೇ, ನಮ್ಮ ಕಡಲಿನಿಂದಲೇ ಶುರುವಾಗಲಿ.

ಮೊದಲು ನೇತ್ರಾಣಿಯಲ್ಲಿ

ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿಯಲ್ಲಿ ಒಮ್ಮೆ ನೀರಿಗಿಳಿದು, ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಬಂದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅದು ಟ್ರೈ ಡೈವ್. ಬೆನ್ನ ಹಿಂದೆ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಅಲಿವಾಲ್‌ಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದರೆ 18 ಮೀಟರ್‌ವರೆಗೆ ಇಳಿಯಬಹುದು. ಅದರ ಮುಂದಿನ ಹಂತ ಅಡ್ವಾನ್ಸ್‌ಡ್ ಮುಗಿಸಿದರೆ 30 ಮೀಟರ್. ಅಲಿವಾಲ್‌ನಲ್ಲಿ ರ‍್ಯಾಗಿಗಳು ಹೆಚ್ಚು ಸೇರುವ ‘ಕ್ಯಾಥೆಡ್ರಲ್’ ಎಂಬ ಜಾಗದ ತಳ ಸುಮಾರು 27 ಮೀಟರ್ ಆಳದಲ್ಲಿದೆ. ಅಡ್ವಾನ್ಸ್‌ಡ್ ಇಲ್ಲದೆ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮಾರನೇ ವಾರವೇ ಹೊರಡಬೇಡಿ. ನನ್ನ ಮಟ್ಟಿಗೆ, ಲಾಗ್‌ಬುಕ್‌ನಲ್ಲಿ ಇಪ್ಪತ್ತೈದು ಮೂವತ್ತು ಡೈವ್ ಆಗುವವರೆಗೆ ಕಾಯುವುದು ಒಳ್ಳೆಯದು. ನೇತ್ರಾಣಿ, ಅಂಡಮಾನ್, ಲಕ್ಷದ್ವೀಪ, ಎಲ್ಲಿ ಸಿಕ್ಕರೆ ಅಲ್ಲಿ ಮಾಡಿ. ನೇತ್ರಾಣಿಯಲ್ಲಿ ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಆ ಡೈವ್‌ಗಳಲ್ಲಿ ಸುಮ್ನೆ ಮೀನು ನೋಡುತ್ತಾ ತೇಲುವುದರ ಜೊತೆಗೆ ಒಂದೆರಡು ಅಭ್ಯಾಸ ಮಾಡಿಕೊಳ್ಳಿ. ಐದು ಮೀಟರ್ ಆಳದಲ್ಲಿ ಕೈ ಕಟ್ಟಿಕೊಂಡು, ಕಾಲಿನ ಫಿನ್ ಅಲ್ಲಾಡಿಸದೆ, ಮೂರು ನಿಮಿಷ ಒಂದೇ ಮಟ್ಟದಲ್ಲಿ ನಿಲ್ಲಿ. ಉಸಿರು ಎಳೆದಾಗ ಒಂದು ಗೇಣು ಮೇಲೆ, ಬಿಟ್ಟಾಗ ಒಂದು ಗೇಣು ಕೆಳಗೆ, ಅಷ್ಟೇ ಆಗಬೇಕು. ತೇಲುವ ಹದ ಎಂದರೆ ಇದು. ಇದೊಂದು ಬಂದರೆ ಶಾರ್ಕ್ ಡೈವ್‌ನ ಅರ್ಧ ಬಂದಂತೆ. ಇನ್ನೊಂದು, ಕಪ್ಪೆಯ ಹಾಗೆ ಕಾಲು ಬಡಿಯುವುದು. ಮೇಲೆ ಕೆಳಗೆ ಬಡಿದರೆ ಮರಳೇಳುತ್ತದೆ, ಕಪ್ಪೆ ಕಾಲು ಹೊಡೆತದಲ್ಲಿ ಏಳುವುದಿಲ್ಲ. ಸಿಗ್ನಲ್ ಬಲೂನನ್ನು ನೀರೊಳಗಿಂದ ಮೇಲಕ್ಕೆ ಬಿಡುವುದನ್ನೂ ಕಲಿತಿರಿ. ಸೆಳೆತದಲ್ಲಿ ಗುಂಪಿನಿಂದ ದೂರವಾದರೆ ದೋಣಿಯವರಿಗೆ ನಿಮ್ಮನ್ನು ತೋರಿಸುವುದು ಅದೊಂದೇ.

ಯಾವ ತಿಂಗಳು

ಅಲ್ಲಿ ನಮ್ಮ ಮಳೆಗಾಲವೇ ಚಳಿಗಾಲ. ರ‍್ಯಾಗಿ ನೋಡಬೇಕೆಂದರೆ ಜೂನ್ ಕೊನೆಯಿಂದ ನವೆಂಬರ್‌ವರೆಗೆ. ನಾನು ಹೇಳುವುದಾದರೆ ಆಗಸ್ಟ್, ಸೆಪ್ಟೆಂಬರ್. ನೀರು ಹತ್ತೊಂಬತ್ತು ಇಪ್ಪತ್ತು ಡಿಗ್ರಿ ಇರುತ್ತದೆ. ನೇತ್ರಾಣಿಯ ಬೆಚ್ಚನೆಯ ನೀರಿಗೆ ಒಗ್ಗಿದ ಮೈಗೆ ಇದು ಚಳಿಯೇ. ಇದೇ ತಿಂಗಳುಗಳಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಆ ಕರಾವಳಿಯಲ್ಲಿ ಸಾಗುತ್ತವೆ. ನೀರೊಳಗಿದ್ದಾಗ ಅವುಗಳ ಹಾಡು ಕೇಳಿಸುತ್ತದೆ. ತಿಮಿಂಗಿಲ ಎಲ್ಲೋ ದೂರದಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಎದೆಯ ಗೂಡಿನೊಳಗೆ ಆ ಸದ್ದು ನಡುಗುತ್ತದೆ. ಅದಕ್ಕಾಗಿಯೇ ಇನ್ನೊಮ್ಮೆ ಹೋಗುತ್ತೇನೆ.

ಟೈಗರ್ ಶಾರ್ಕ್ ಬೇಕೆಂದರೆ ಬೇಸಿಗೆಗೆ, ಅಂದರೆ ನಮ್ಮ ಡಿಸೆಂಬರ್ ನಂತರ ಹೋಗಬೇಕು. ಆಗ ನೀರೂ ಬೆಚ್ಚಗಿರುತ್ತದೆ. ಮೊದಲ ಸಲ ಹೋಗುವವರಿಗೆ ನಾನು ರ‍್ಯಾಗಿಯನ್ನೇ ಹೇಳುತ್ತೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ಮೂರು ದಿನ ಡೈವ್ ಮಾಡಬೇಕೆಂದರೆ ಐದಾರು ದಿನ ಇಟ್ಟುಕೊಂಡು ಹೋಗಿ. ಗಾಳಿ ಎದ್ದರೆ ದೋಣಿ ಇಳಿಸುವುದಿಲ್ಲ. ಎದ್ದ ಗಾಳಿ ಎರಡು ದಿನ ನಿಲ್ಲದೆಯೂ ಇರಬಹುದು. ವಾಪಸ್ ಟಿಕೆಟ್ ನಾಳೆಗಿದೆ ಎಂದು ಕೆಟ್ಟ ಸಮುದ್ರಕ್ಕೆ ಇಳಿಯಲು ಹಟ ಮಾಡುವವರನ್ನು ನೋಡಿದ್ದೇನೆ. ದೋಣಿ ನಡೆಸುವ ಸ್ಕಿಪ್ಪರ್ ಬೇಡ ಅಂದರೆ ಬೇಡ.

ಕಾಗದ, ಸಾಮಾನು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು, ಬೇಗ ಅರ್ಜಿ ಹಾಕಿ. ಕೀನ್ಯಾ ಅಥವಾ ಇಥಿಯೋಪಿಯಾ ಮೂಲಕ ಹೋಗಿ ಅಲ್ಲಿ ಹೆಚ್ಚು ಹೊತ್ತು ತಂಗುವುದಾದರೆ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಕೇಳಬಹುದು, ವಿಚಾರಿಸಿಕೊಳ್ಳಿ. ಡೈವಿಂಗ್‌ಗೆ ಪ್ರತ್ಯೇಕ ವಿಮೆ ಮಾಡಿಸಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಎಷ್ಟೋ ಸಲ ಇರುವುದೇ ಇಲ್ಲ, ಇದ್ದರೂ ಇಷ್ಟೇ ಆಳ ಎಂಬ ಷರತ್ತಿರುತ್ತದೆ. ಆ ಸಾಲನ್ನು ಹುಡುಕಿ ಓದಿ. ಆಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಇಲ್ಲೇ ಡಾಕ್ಟರ್ ಹತ್ತಿರ ಪತ್ರ ಮಾಡಿಸಿಕೊಳ್ಳಿ.

ಸ್ವಂತದ್ದು ಎಂದು ಒಯ್ಯಬೇಕಾದ್ದು ಮಾಸ್ಕ್ ಮತ್ತು ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್. ಉಳಿದದ್ದು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಐದು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಕೇಳಿ, ತಲೆಗೆ ಹುಡ್ ಕೂಡ. ಗಾಳಿಯಲ್ಲಿ ದೋಣಿ ಮೇಲೆ ಕೂತಾಗ ಹಾಕಿಕೊಳ್ಳಲು ಒಂದು ದಪ್ಪ ಜಾಕೆಟ್ ಇರಲಿ. ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಮಿಶ್ರಣ ಬಳಸುವುದನ್ನು ಕಲಿತಿದ್ದರೆ ಒಳ್ಳೆಯದು. 27 ಮೀಟರ್ ಆಳದಲ್ಲಿ, ಸಿಲಿಂಡರ್‌ನಲ್ಲಿ ಸಾಧಾರಣ ಗಾಳಿ ಇದ್ದರೆ, ಇಪ್ಪತ್ತು ನಿಮಿಷದ ಹೊತ್ತಿಗೆ ಕಂಪ್ಯೂಟರ್ ಮೇಲೆ ಹೋಗು ಅನ್ನುತ್ತದೆ. ಆಮ್ಲಜನಕ 32 ಶೇಕಡಾ ಇರುವ ಮಿಶ್ರಣದಲ್ಲಿ ಇನ್ನಷ್ಟು ನಿಮಿಷ ಸಿಗುತ್ತದೆ.

ದಡದಿಂದ ದೋಣಿ ಇಳಿಸುವುದು

ಇದರ ಬಗ್ಗೆ ನಮ್ಮಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. ಮುರುಡೇಶ್ವರದ ಹಾಗೆ ಆರಾಮಾಗಿ ದೋಣಿ ಹತ್ತಿ ಕೂರುವ ಕತೆಯಲ್ಲ ಇದು. ಉಮ್ಕೋಮಾಸ್‌ನಲ್ಲಿ ನದಿ ಸಮುದ್ರ ಸೇರುವ ಅಳಿವೆಯಿಂದ, ಒಡೆಯುವ ಅಲೆಗಳ ನಡುವೆಯೇ ಹೊರಡಬೇಕು. ದೋಣಿ ಏಳೆಂಟು ಮೀಟರ್ ಉದ್ದದ್ದು, ಗಾಳಿ ತುಂಬಿದ ರಬ್ಬರ್ ಅಂಚು, ಹಿಂದೆ ಎರಡು ಮೋಟಾರ್. ಕೂರಲು ಬೆಂಚ್ ಇಲ್ಲ. ರಬ್ಬರ್ ಅಂಚಿನ ಮೇಲೆ ಕೂತು, ತಳದಲ್ಲಿರುವ ಪಟ್ಟಿಗೆ ಪಾದ ಸಿಕ್ಕಿಸಿ, ಹಗ್ಗ ಹಿಡಿದುಕೊಳ್ಳಬೇಕು.

ಬೆಳಿಗ್ಗೆ ಬೇಗ ಹೊರಡುತ್ತಾರೆ, ಹೊತ್ತೇರಿದಂತೆ ಗಾಳಿ ಏಳುತ್ತದಲ್ಲ. ವಾಂತಿ ಬರುವವರು ಹಿಂದಿನ ರಾತ್ರಿಯೇ ಮಾತ್ರೆ ತೆಗೆದುಕೊಳ್ಳಿ, ಬೆಳಿಗ್ಗೆ ಇನ್ನೊಂದು. ಖಾಲಿ ಹೊಟ್ಟೆ ಬೇಡ. ಒಂದು ಬಾಳೆಹಣ್ಣು, ಒಂದು ಬ್ರೆಡ್ ಸಾಕು. ಎಣ್ಣೆ ಖಾರದ್ದು ಮಧ್ಯಾಹ್ನಕ್ಕಿರಲಿ.

ನೀರಿಗಿಳಿದ ಮೇಲೆ ಸ್ಕಿಪ್ಪರ್ ದೋಣಿಯನ್ನು ಒಳಗಡೆಯೇ ಸುತ್ತಿಸುತ್ತಾ ಅಲೆಗಳ ಸಾಲು ನೋಡುತ್ತಾನೆ. ದೊಡ್ಡ ಅಲೆಗಳು ಗುಂಪಾಗಿ ಬಂದು, ಆಮೇಲೆ ಸ್ವಲ್ಪ ಹೊತ್ತು ಸಮುದ್ರ ತಣ್ಣಗಾಗುತ್ತದೆ. ಆ ಬಿಡುವಿಗೇ ಅವನು ಕಾಯುವುದು. ಆಗ ಮಾತಾಡಬೇಡಿ, ಕ್ಯಾಮೆರಾ ತೆಗೆಯಬೇಡಿ. ಒಮ್ಮೆಲೇ ಮೋಟಾರ್ ಕೂಗುತ್ತದೆ, ದೋಣಿಯ ಮೂತಿ ಆಕಾಶ ನೋಡುತ್ತದೆ, ಕೆಳಗೆ ಬಂದಾಗ ಸೊಂಟಕ್ಕೆ ಹೊಡೆತ ಬೀಳುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿಟ್ಟುಕೊಳ್ಳಿ, ಆ ಪೆಟ್ಟನ್ನು ಕಾಲು ತಡೆಯಲಿ, ಬೆನ್ನುಮೂಳೆ ಅಲ್ಲ. ಬೆನ್ನುನೋವು ಇರುವವರು, ಗರ್ಭಿಣಿಯರು ಈ ದೋಣಿ ಹತ್ತಲೇಬಾರದು.

ವಾಪಸ್ ಬರುವಾಗ ಇನ್ನೊಂದು ಆಶ್ಚರ್ಯ. ದೋಣಿ ನಿಧಾನ ಮಾಡುವುದಿಲ್ಲ. ಅಲೆಯ ಬೆನ್ನೇರಿ ಪೂರ್ತಿ ವೇಗದಲ್ಲಿ ಬಂದು ಮರಳಿನ ಮೇಲೆ ಸರ್ರನೆ ಏರಿ ನಿಲ್ಲುತ್ತದೆ. ‘ಹಿಡ್ಕೊಳ್ಳಿ’ ಎಂದು ಕೂಗಿದಾಗ ಎರಡೂ ಕೈಯಲ್ಲಿ ಹಿಡಿದು, ದೋಣಿ ಪೂರ್ತಿ ನಿಂತ ಮೇಲೆಯೇ ಬಿಡಿ.

ನೀರೊಳಗೆ

ದಿಬ್ಬದ ಮೇಲೆ ತಲುಪಿದ ಮೇಲೆ ಎಲ್ಲರೂ ಒಟ್ಟಿಗೆ, ಮೂರು ಎಣಿಸಿ, ಹಿಂದಕ್ಕೆ ಉರುಳಬೇಕು. ಒಬ್ಬರು ತಡ ಮಾಡಿದರೆ ಸೆಳೆತ ಅವರನ್ನು ಬೇರೆ ಕಡೆ ಒಯ್ಯುತ್ತದೆ. ಆ ಕರಾವಳಿಯಲ್ಲಿ ಅಗಲ್ಹಾಸ್ ಎಂಬ ದೊಡ್ಡ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಅದರ ಎಳೆತ ದಿಬ್ಬಕ್ಕೂ ತಾಗುತ್ತದೆ. ಗುಂಪನ್ನು ಕರೆದೊಯ್ಯುವ ಡೈವ್ ಮಾಸ್ಟರ್ ಕೈಯಲ್ಲಿ, ನೀರಿನ ಮೇಲೆ ತೇಲುವ ಬುರುಡೆಗೆ ಕಟ್ಟಿದ ಹಗ್ಗ ಇರುತ್ತದೆ. ಆ ಹಗ್ಗ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಿ. ತಪ್ಪಿಹೋದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಬಲೂನ್ ಬಿಟ್ಟು ನಿಧಾನವಾಗಿ ಮೇಲೆ ಬನ್ನಿ.

ಮುಳುಗಲೆಂದು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಬಗ್ಗೆ ನನ್ನ ಒಂದು ತಪ್ಪನ್ನು ಹೇಳಲೇಬೇಕು. ನೇತ್ರಾಣಿಯಲ್ಲಿ ನಾನು ಹಾಕುತ್ತಿದ್ದಷ್ಟೇ ತೂಕ, ಮೇಲೊಂದಿಷ್ಟು ದಪ್ಪ ಸೂಟಿಗೆಂದು ಸೇರಿಸಿಕೊಂಡೆ. ಅಲ್ಲಿ ಕೊಟ್ಟಿದ್ದು ಉಕ್ಕಿನ ಸಿಲಿಂಡರ್. ನಮ್ಮ ಅಲ್ಯೂಮಿನಿಯಂ ಸಿಲಿಂಡರ್‌ಗಿಂತ ಅದು ನೀರಲ್ಲಿ ಜಾಸ್ತಿ ಭಾರ. ತೂಕ ಪರೀಕ್ಷೆ ಮಾಡಿಕೊಳ್ಳಲು ಹೇಳಿದ್ದರು, ಅವಸರದಲ್ಲಿ ಬಿಟ್ಟೆ. ಗುಹೆಯ ಬಾಯಿ ಹತ್ತಿರ ಕಲ್ಲಿನಂತೆ ಇಳಿದು ಮೊಣಕಾಲು ಮರಳಿಗೆ ಬಡಿಯಿತು. ಮರಳು ಹೊಗೆಯಂತೆ ಎದ್ದಿತು. ನಾಲ್ಕು ಮೀಟರ್ ಆಚೆ ಇದ್ದ ರ‍್ಯಾಗಿ ಒಮ್ಮೆ ಬಾಲ ಬೀಸಿತು. ಪಟಾಕಿ ಸಿಡಿದಂತೆ ‘ಢಂ’ ಎಂಬ ಸದ್ದು. ಹೆದರಿದಾಗ ಅವು ಹಾಗೆ ಮಾಡುತ್ತವೆ ಎಂದು ಆಮೇಲೆ ತಿಳಿಯಿತು. ಒಂದರ ಹಿಂದೆ ಒಂದು, ಗುಹೆಯಲ್ಲಿದ್ದ ಐದೂ ಹೊರಟುಹೋದವು. ನನ್ನ ಹಿಂದೆ ಆರು ಜನ ಇದ್ದರು, ಅವರೆಲ್ಲ ಇದಕ್ಕಾಗಿ ದೂರದಿಂದ ಬಂದವರು. ಆ ಬೇಜಾರು ಇನ್ನೂ ಹೋಗಿಲ್ಲ. ದಯವಿಟ್ಟು ಮೊದಲ ದಿನವೇ, ಆಳವಿಲ್ಲದ ನೀರಿನಲ್ಲಿ, ಆ ಸೂಟು, ಆ ಸಿಲಿಂಡರ್ ಹಾಕಿಕೊಂಡೇ ತೂಕ ಹೊಸದಾಗಿ ಲೆಕ್ಕ ಹಾಕಿಕೊಳ್ಳಿ.

ಮರುದಿನ ಸರಿಯಾಗಿ ಹೋದೆವು. ಹೇಗೆ ಎಂದು ಹೇಳುತ್ತೇನೆ, ನೀವೂ ಹಾಗೇ ಮಾಡಿ.

ಗುಹೆಯ ಬಾಯಿಗೆ ಅಡ್ಡ ಹೋಗಬೇಡಿ. ಒಂದು ಪಕ್ಕಕ್ಕೆ, ಗೋಡೆಗೆ ಹತ್ತಿರ ತೇಲಿ ನಿಲ್ಲಿ. ಶಾರ್ಕ್‌ಗೆ ಹೊರಗೆ ಹೋಗುವ ದಾರಿ ಯಾವಾಗಲೂ ತೆರೆದಿರಬೇಕು. ಅವುಗಳ ಕೆಳಗೆ ಹೋಗಬೇಡಿ, ನಿಮ್ಮ ಗುಳ್ಳೆಗಳು ಹೊಟ್ಟೆಗೆ ತಾಗಿದರೆ ಬೆಚ್ಚುತ್ತವೆ. ಟಾರ್ಚ್ ಕಣ್ಣಿಗೆ ಬಿಡಬೇಡಿ. ಬೆನ್ನಟ್ಟಬೇಡಿ. ಬೆನ್ನಟ್ಟಿದರೆ ಬಾಲ ಕಾಣುತ್ತದೆ, ಕಾದರೆ ಮುಖ ಕಾಣುತ್ತದೆ. ಹಗಲಿನಲ್ಲಿ ಅವು ಬೇಟೆಗೆ ಹೋಗದೆ, ಒಂದೇ ಸುತ್ತಿನಲ್ಲಿ ನಿಧಾನವಾಗಿ ಬಂದು ಹೋಗುತ್ತಿರುತ್ತವೆ. ಬೇಟೆ ಏನಿದ್ದರೂ ರಾತ್ರಿ. ಐದು ನಿಮಿಷ ಅಲುಗದೆ ಇದ್ದರೆ ಅದೇ ಶಾರ್ಕ್ ಮತ್ತೆ ನಿಮ್ಮ ಮುಂದೆ ಬರುತ್ತದೆ.

ಬಂದಾಗ ಚೆನ್ನಾಗಿ ನೋಡಿ. ಮೂರು ಮೀಟರ್‌ವರೆಗೆ ಬೆಳೆಯುವ ಮೈ, ಕಂದು ಬಣ್ಣ, ಮೇಲೆ ಮಸುಕಾದ ಚುಕ್ಕೆಗಳು. ಬಾಯಿ ಅರೆ ತೆರೆದೇ ಇರುತ್ತದೆ. ಮೊಳೆಯಂತೆ ಹೊರಚಾಚಿದ ತೆಳ್ಳನೆಯ ಹಲ್ಲುಗಳು ಅಡ್ಡಾದಿಡ್ಡಿ. ಆ ಹಲ್ಲು ಜಾರುವ ಮೀನನ್ನು ಹಿಡಿಯಲು ಮಾಡಿದ್ದು. ಬೇರೆ ಶಾರ್ಕ್‌ಗಳು ಮುಳುಗದಿರಲು ಈಜುತ್ತಲೇ ಇರಬೇಕು. ಇದು ಮೇಲೆ ಹೋಗಿ ಗಾಳಿ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡು, ನೀವು ನೇತ್ರಾಣಿಯಲ್ಲಿ ಕಲಿತ ಹಾಗೆಯೇ, ನೀರಿನ ನಡುವೆ ಹದವಾಗಿ ತೂಗುತ್ತದೆ. ಕೆಲವು ಹೆಣ್ಣುಗಳ ರೆಕ್ಕೆ, ಪಕ್ಕೆಗಳ ಮೇಲೆ ಗಾಯದ ಗೀರುಗಳಿರುತ್ತವೆ. ಕೂಡುವಾಗ ಗಂಡು ಕಚ್ಚಿ ಹಿಡಿದ ಗುರುತು ಅದು. ಬಸುರಾದ ಹೆಣ್ಣುಗಳು ಬೆಚ್ಚನೆ ನೀರು ಹುಡುಕಿಕೊಂಡು ಉತ್ತರಕ್ಕೆ ಹೋಗುತ್ತವೆ, ಹೆರುವ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ, ಈಸ್ಟರ್ನ್ ಕೇಪ್ ಕಡೆಗೆ ಬರುತ್ತವೆ. ತಾಯಿಗೆ ಎರಡು ಗರ್ಭಕೋಶ. ಒಂದೊಂದರಲ್ಲೂ ಮೊದಲು ದೊಡ್ಡದಾದ ಮರಿ ಉಳಿದವನ್ನೆಲ್ಲ ಒಳಗೇ ತಿಂದುಬಿಡುತ್ತದೆ. ಕೊನೆಗೆ ಹುಟ್ಟುವುದು ಎರಡೇ ಎರಡು.

ಒಮ್ಮೆಗೆ ಎರಡೇ ಮರಿ ಹಾಕುವ ಜೀವ ಕಳೆದುಹೋದರೆ ಬೇಗ ತುಂಬಿಕೊಳ್ಳುವುದಿಲ್ಲ. ಈ ಜಾತಿ ಈಗ ಜಗತ್ತಿನಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ. ಅಲಿವಾಲ್ 2004ರಿಂದ ರಕ್ಷಿತ ಸಮುದ್ರ, 2019ರಲ್ಲಿ ಅದನ್ನು ಇನ್ನಷ್ಟು ದೊಡ್ಡದು ಮಾಡಿದರು. ಅದೇ ಕರಾವಳಿಯ ಸ್ನಾನದ ಬೀಚ್‌ಗಳ ಮುಂದೆ 1952ರಿಂದ ಶಾರ್ಕ್ ಬಲೆ ಹಾಕುತ್ತಾ ಬಂದಿದ್ದಾರೆ. ಈಜುವವರನ್ನು ಕಾಯಲು ಹಾಕಿದ ಬಲೆ ಅದು, ಅಲ್ಲಿಯ ಜನರ ಹೆದರಿಕೆಗೂ ಕಾರಣವಿತ್ತು. ಆದರೆ ಯಾರಿಗೂ ತೊಂದರೆ ಕೊಡದ ರ‍್ಯಾಗಿಗಳೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ಗುಹೆಯಲ್ಲಿ ಒಂದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅದು ತುಂಬಾ ಸಂಕಟ ಕೊಡುತ್ತದೆ.

ಗುಹೆಯ ತಳದ ಮರಳನ್ನು ನೋಡಲು ಮರೆಯಬೇಡಿ. ಅಲ್ಲಲ್ಲಿ ಉದುರಿದ ಹಲ್ಲುಗಳು ಬಿದ್ದಿರುತ್ತವೆ. ಕಿರುಬೆರಳಿನ ಅರ್ಧದಷ್ಟು, ಬುಡದಲ್ಲಿ ಎರಡೂ ಪಕ್ಕ ಒಂದೊಂದು ಚಿಕ್ಕ ಮುಳ್ಳು. ನೋಡಿ, ಫೋಟೋ ತೆಗೆಯಿರಿ, ಅಲ್ಲೇ ಬಿಡಿ.

ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 100 ಬಾರ್‌ಗೆ ಇಳಿದಾಗ ಡೈವ್ ಮಾಸ್ಟರ್‌ಗೆ ಹೇಳಿ. ಆ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಗಾಳಿ ಖರ್ಚಾಗುತ್ತದೆ, ಮಾಪಕದ ಮುಳ್ಳು ನೋಡನೋಡುತ್ತಲೇ ಇಳಿಯುತ್ತದೆ. ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಂತು, 50 ಬಾರ್ ಉಳಿದಿರುವಾಗಲೇ ಮೇಲೆ ಬನ್ನಿ.

ಆಮಿಷದ ಡೈವ್ ಮಾಡಬೇಕೇ?

ಅಲಿವಾಲ್‌ನಲ್ಲಿ ಇನ್ನೊಂದು ಬಗೆಯ ಡೈವ್ ಇದೆ. ತೂತು ತೂತಾದ ಡ್ರಮ್ಮಿಗೆ ಮೀನು ತುಂಬಿ, ನೀಲಿ ನೀರಿನಲ್ಲಿ ಎಂಟು ಹತ್ತು ಮೀಟರ್ ಕೆಳಗೆ ತೂಗುಬಿಡುತ್ತಾರೆ. ವಾಸನೆಗೆ ಬ್ಲ್ಯಾಕ್‌ಟಿಪ್ ಶಾರ್ಕ್‌ಗಳು ಹತ್ತು, ಇಪ್ಪತ್ತು ಬಂದು ಸೇರುತ್ತವೆ. ಬೇಸಿಗೆಯಲ್ಲಿ ಟೈಗರ್ ಶಾರ್ಕ್ ಕೂಡ ಬರಬಹುದು. ಪಂಜರವೇನೂ ಇರುವುದಿಲ್ಲ.

ನಾನು ಮಾಡಿದ್ದೇನೆ. ಬ್ಲ್ಯಾಕ್‌ಟಿಪ್‌ಗಳ ಚುರುಕು ನೋಡಲು ಅದು ಒಳ್ಳೆಯ ದಾರಿಯೇ. ಆದರೆ ಮೊದಲ ಡೈವ್ ಆಗಿ ಇದನ್ನು ಮಾಡಬೇಡಿ. ಕೆಳಗೆ ತಳ ಕಾಣುವುದಿಲ್ಲ, ಮಟ್ಟ ಕಾಯ್ದುಕೊಳ್ಳಲು ಕಣ್ಣಿಗೆ ಆಧಾರವಿಲ್ಲ, ಸುತ್ತ ಶಾರ್ಕ್ ತಿರುಗುತ್ತಿರುತ್ತವೆ. ಹೊಸಬರು ಗಾಬರಿಯಾಗಿ ಕೈ ಬೀಸುತ್ತಾರೆ, ಅಲ್ಲಿ ಮಾಡಬಾರದ್ದೇ ಅದು. ರ‍್ಯಾಗಿಗಳ ಜೊತೆ ಎರಡು ಮೂರು ಡೈವ್ ಆದ ಮೇಲೆ ನೋಡಿ.

ಮಾಡುವುದಾದರೆ ಕಪ್ಪು ಕೈಗವಸು ಹಾಕಿ. ಬೆಳ್ಳಗಿನ ಅಂಗೈ ಅವಕ್ಕೆ ಮೀನಿನ ತುಂಡಿನಂತೆ ಕಾಣಬಹುದು. ಉಂಗುರ, ಹೊಳೆಯುವ ಗಡಿಯಾರ ದಡದಲ್ಲೇ ಬಿಡಿ. ನೆಟ್ಟಗೆ ನಿಂತ ಹಾಗೆ ತೇಲಿ, ಕೈ ಎದೆಗೆ ಕಟ್ಟಿಕೊಳ್ಳಿ. ಡ್ರಮ್ಮಿಗೂ ಶಾರ್ಕ್‌ಗೂ ನಡುವೆ, ವಾಸನೆ ಹರಿದು ಬರುವ ದಿಕ್ಕಿನಲ್ಲಿ ನಿಲ್ಲಬೇಡಿ. ಟೈಗರ್ ಬಂದರೆ ಕಣ್ಣು ಅದರ ಮೇಲೇ ಇರಲಿ. ನೀವು ನೋಡುತ್ತಿದ್ದೀರಿ ಎಂದು ಅದಕ್ಕೆ ಗೊತ್ತಾದರೆ ದೂರದಲ್ಲೇ ಸುತ್ತುತ್ತದೆ. ತೀರಾ ಹತ್ತಿರ ಬರುವುದು ಹೆಚ್ಚಾಗಿ ಹಿಂದಿನಿಂದ. ಹಾಗಾಗಿ ಜೊತೆಗಾರರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿ.

ಇನ್ನೂ ದಕ್ಷಿಣಕ್ಕೆ, ಶೆಲ್ಲಿ ಬೀಚ್ ಎಂಬಲ್ಲಿಂದ ಏಳೆಂಟು ಕಿಲೋಮೀಟರ್ ಒಳಗೆ ಪ್ರೊಟಿಯಾ ಬ್ಯಾಂಕ್ಸ್ ಎಂಬ ಇನ್ನೊಂದು ದಿಬ್ಬವಿದೆ. ಅಲ್ಲಿ ಬುಲ್ ಶಾರ್ಕ್, ಅಲ್ಲಿಯವರು ಹೇಳುವ ಹಾಗೆ ‘ಜಾಂಬೆಜಿ’, ಆಮಿಷವಿಲ್ಲದೆಯೇ ಕಾಣುತ್ತದೆ. ಹ್ಯಾಮರ್‌ಹೆಡ್‌ಗಳ ಹಿಂಡೂ ಬರುತ್ತದೆ. ಆದರೆ ದಿಬ್ಬದ ತಲೆಯೇ ಮೂವತ್ತು ಮೀಟರ್ ಹತ್ತಿರದ ಆಳದಲ್ಲಿದೆ, ಸೆಳೆತವೂ ಜೋರು. ನೂರು ಡೈವ್ ಆಗುವವರೆಗೆ ಅದನ್ನು ಮುಂದಕ್ಕಿಡಿ.

ಹೊರಡುವ ದಿನ

ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ತುಂಬಾ ಜನ ಮರೆಯುವುದು ಡರ್ಬನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಹೋಗುವ ರಸ್ತೆಯನ್ನು. ಜೋಹಾನ್ಸ್‌ಬರ್ಗ್ ಸಮುದ್ರ ಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಸ್ವಲ್ಪವೇ ಕಮ್ಮಿ. ಬೆಳಿಗ್ಗೆ 27 ಮೀಟರ್ ಇಳಿದು, ಮಧ್ಯಾಹ್ನ ಕಾರಿನಲ್ಲಿ ಆ ಘಟ್ಟ ಹತ್ತಿದರೆ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲುಗಳನ್ನು ಹಿಡಿಯಬಹುದು, ವಿಮಾನದಲ್ಲಿ ಆಗುವ ಹಾಗೆಯೇ. ಹಾಗಾಗಿ ಕೊನೆಯ ಒಂದು ದಿನ ದಡದಲ್ಲೇ ಕಳೆಯಿರಿ. ಡರ್ಬನ್‌ಗೆ ಬಂದು ‘ಬನ್ನಿ ಚೌ’ ತಿನ್ನಿ, ಬ್ರೆಡ್ಡಿನ ಒಳಗೆ ಮಸಾಲೆ ಸಾರು ತುಂಬಿ ಕೊಡುತ್ತಾರೆ. ಬೆಳಿಗ್ಗೆಯೇ ಎದ್ದರೆ ಬೀಚಿನಿಂದಲೇ ತಿಮಿಂಗಿಲದ ನೀರಿನ ಚಿಲುಮೆ ಕಾಣಬಹುದು. ನಿಮ್ಮ ಮಾಸ್ಕ್, ಕಂಪ್ಯೂಟರ್‌ಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಕಟ್ಟಿಕೊಳ್ಳಲೂ ಆ ದಿನವೇ ಬೇಕಾಗುತ್ತದೆ.